ಗದ್ದಿಗೆ ಇಳಿಯೋ ಮುಂಚೆ

ಕಲ್ಲೂರಿನಾಗ ನೆಲ್ಲು ಸಸಿ ಹಚ್ಚೋಕೆ ಹೆಣ್ಮಕ್ಕಳ ಗುಂಪು ಕಟ್ಟಿಕೊಂಡು ಹೋಗಾಕಿ ನಮ್ಮವ್ವ. ಗದ್ದಿಗೆ ಇಳಿಯೋ ಮುಂಚೆ ಬದುವಿನ ಮ್ಯಾಲೆ ನಿಂತು, ಸಸಿಕಟ್ಟು ಹಿಡಿದ ಕೈ ಎತ್ತಿ, "ಯೇಸಪ್ಪಾ, ಈ ಕೈ ನಿನ್ನವು, ನಿನಗ ಬೇಕಾದಂಗ ನಡಸು" ಅಂತ ದಿನಾ ಪ್ರಾರ್ಥನಿ ಮಾಡ್ತಾಳ.

ಆ ಗುಂಪಿನಾಗ ಕ್ರಿಸ್ತನ್ನ ನಂಬಿದ ಮನಿ ನಮ್ಮದೊಂದೇ. "ಉಳಿದವರು ನಗಂಗಿಲ್ಲೇನು?" ಅಂತ ಮಾನ್ವಿ ಪ್ಯಾಟ್ಯಾಗ ಯಾರರೆ ಕೇಳಿದ್ರ ನನಗ ಸಿಟ್ಟು ನೆತ್ತಿಗೇರತದ. ಅಂಥವರಿಗೆ ಇದನ್ನೇ ಹೇಳ್ತೀನಿ.

ಹ್ವಾದ ವರ್ಷ ಅವ್ವ ಜ್ವರ ಬಂದು ಮಲಗಿದಳು. ಆಕಿ ಬದಲಿ ನಾನು ಗುಂಪಿನ ಮುಂದ ಹೋದೆ. ಬಿಸಿಲು ಏರಾಕತ್ತಿತ್ತು, ಮನಸಿನಾಗೇ ಪ್ರಾರ್ಥನಿ ಮಾಡಿ ಸೀದಾ ಕೆಸರಿಗೆ ಇಳಿದೆ. ನನ್ನ ಹಿಂದ ಒಬ್ಬರೂ ಇಳೀಲಿಲ್ಲ. ತಿರುಗಿ ನೋಡಿದ್ರ ಸೀರಿ ಎತ್ತಿಕಟ್ಟಿದ ಅಷ್ಟೂ ಮಂದಿ ಬದುವಿನ ಮ್ಯಾಲೇ ನಿಂತಿದ್ದರು.

ಹಣಿ ತುಂಬ ವಿಭೂತಿ ಹಚ್ಚಿದ ಹಿರಿಯಾಕಿ ಒಬ್ಬಾಕಿ, "ನಿಮ್ಮವ್ವನ ಪ್ರಾರ್ಥನಿ ಆಗದ ನಾವು ಹ್ಯಾಂಗ ಇಳೀಬೇಕು? ಮ್ಯಾಲೆ ಬಾ ಯವ್ವಾ" ಅಂದಳು.

ಕೆಸರುಗಾಲಿಲೇ ಮ್ಯಾಲೆ ಬಂದು ಕೈ ಎತ್ತಿದೆ.

ನಾನು ಬಾಯಿ ತೆಗೆಯೋ ಮುಂಚೆ ಆ ಹಿರಿಯಾಕಿನೇ ಕೈ ಎತ್ತಿ ಹೇಳಿಕೊಟ್ಟಳು: "ಯೇಸಪ್ಪಾ, ಈ ಕೈ ನಿನ್ನವು..."