ಒಂದು ಮೊರ ತೌಡಿಗೆ ಹೋದವಳು

ನನ್ನನ್ನು ಮಾರಿದ್ದು ಖರೆ, ಮರಳಿ ಕೊಂಡದ್ದು ಸುಳ್ಳು. ಮದುವೆಗೆ ಮುಂಚೆ ನಮ್ಮವರು ನನ್ನನ್ನು ಬಿಡಿಸಿಕೊಂಡರು ಎಂದು ಹೇಳುವವರು ಬಳಗದಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಯಾರೂ ಆವತ್ತು ಅಲ್ಲಿರಲಿಲ್ಲ. ನಾನಿದ್ದೆ.

ಹೋದ ವಾರ ಕೊಂಡಾಪುರದ ಮನೆಯಲ್ಲಿ ಮೊಮ್ಮಗಳು ಫೋನು ಒತ್ತುತ್ತ, "ಅಜ್ಜೀ, ಕೂಪನ್ ರಿಡೀಮ್ ಆತು, ಸಾಬಾಣ ಪುಕ್ಕಟ!" ಎಂದು ಕುಣಿದಳು. ರಿಡೀಮ್ ಎಂಬ ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಒಂಬತ್ತನೇ ಮಜಲಿಯ ಆ ಫರಸಿಯ ಮೇಲೆ ನೆನೆಸಿದ ತೌಡಿನ ಹುಳಿ ವಾಸನೆ ಬಂತು, ಅದರ ಹಿಂದೆ ಹಸಿ ಸೆಗಣಿ, ಅದರ ಹಿಂದೆ ಬೇಗಂಪೇಟೆ ಸ್ಟೇಷನ್ನಿನ ಇದ್ದಿಲ ಹೊಗೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ನನಗೆ ಬರುವ ಇಂಗ್ಲಿಷ್ ಶಬ್ದಗಳು ಬೆರಳೆಣಿಕೆಯವು, ಅಷ್ಟೂ ಒಂದೇ ಜಾತಿಯವು. ಕೈಬಿಟ್ಟು ಹೋದದ್ದನ್ನು ಮರಳಿ ತರುವ ಶಬ್ದಗಳು.

ಅಪ್ಪ ಕಲಬುರ್ಗಿ ಕಡೆಯಿಂದ ಬಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಸ್ಟೇಷನ್ನಿನ ಹಿಂದೆ ನಮ್ಮ ಮನೆ, ನಡುವೆ ಎದೆಮಟ್ಟದ ಗೋಡೆ, ಆ ಕಡೆ ಎಮ್ಮೆ ಮಲ್ಲಮ್ಮನ ಕೊಟ್ಟಿಗೆ. ನನಗಿಂತ ಮುಂಚೆ ಅವ್ವನಿಗೆ ಎರಡು ಗಂಡು ಕೂಸು ಹುಟ್ಟಿ ತೊಟ್ಟಿಲಲ್ಲೇ ಹೋಗಿದ್ದವು. ಹಾಗಾಗಿ ನಾನು ಹುಟ್ಟಿದ ಕೂಡಲೇ ಅಜ್ಜಿ ನನ್ನನ್ನು ಮೊರದಲ್ಲಿ ಹಾಕಿ ಆ ಗೋಡೆಯ ಮೇಲಿಂದ ಮಲ್ಲಮ್ಮನಿಗೆ ದಾಟಿಸಿದಳು. ಆಕೆ ಅದೇ ಮೊರ ತುಂಬ ತೌಡು ಕೊಟ್ಟಳು. ವ್ಯಾಪಾರ ಮುಗಿಯಿತು. ಕೂಸು ಈ ಮನೆಯದಲ್ಲ ಎಂದು ತಿಳಿದರೆ ಸಾವು ಬಾಗಿಲ ಮುಂದಿನಿಂದ ದಾಟಿ ಹೋಗುತ್ತದೆ ಎಂಬ ನಂಬಿಕೆ. ಉಣ್ಣುವುದು, ಮಲಗುವುದು ನಮ್ಮ ಮನೆಯಲ್ಲೇ. ಆದರೆ ಇವಳು ಯಾರ ಮಗಳು ಎಂದು ಯಾರೇ ಕೇಳಿದರೂ ಅವ್ವ "ನನ್ನಾಕಿ" ಅನ್ನುವಂತಿರಲಿಲ್ಲ. ಮುಂದೊಂದು ದಿನ ಅವ್ವನೇ ಸೀರೆ, ಕುಬಸ, ಮೊರ ತುಂಬ ಜೋಳ ತೆಗೆದುಕೊಂಡು ಹೋಗಬೇಕು. ಮಲ್ಲಮ್ಮ ತನ್ನ ಕೈಯಿಂದ ನನ್ನನ್ನು ಮರಳಿ ಕೊಡಬೇಕು. ಅಲ್ಲಿಯವರೆಗೆ ನಾನು ಎಮ್ಮೆಯವಳ ಮಗಳು.

ಮಲ್ಲಮ್ಮ ಗಂಡ ಸತ್ತವಳು, ಮಕ್ಕಳಿಲ್ಲದವಳು, ಬಾಯಲ್ಲಿ ಯಾವಾಗಲೂ ತಂಬಾಕು, ಮಾತಿನಲ್ಲಿ ಅರ್ಧ ತೆಲುಗು. ಆ ವ್ಯಾಪಾರವನ್ನು ಆಟವೆಂದು ತಿಳಿದವಳಲ್ಲ. ನನ್ನ ತಮ್ಮ ಒಮ್ಮೆ ನನ್ನ ಜಡೆ ಎಳೆದದ್ದಕ್ಕೆ ಗೋಡೆಯ ಮೇಲೆ ಬಗ್ಗಿ, "ಏಯ್ ಪಂತುಲು ಮಗನೇ! ನಾ ಬಿಡ್ಡ ಮ್ಯಾಲ ಕೈ ಮಾಡಿದ್ರ ಎಮ್ಮಿ ಕೊಂಬಿಗಿ ಕಟ್ತೀನಿ, ಚೂಡು!" ಎಂದು ಓಣಿ ತುಂಬ ಕೇಳುವ ಹಾಗೆ ಒದರಿದಳು. ಅವಳು ಹಾಗೆ ಬಾಯಿ ತುಂಬ ನನ್ನ ಕೂಸು ಅನ್ನುವುದು ನನಗೆ ಬೇಕಿರಲಿಲ್ಲ. ಆ ಮಾತು ಬೇಕಿದ್ದದ್ದು ಅವ್ವನ ಬಾಯಿಂದ. ಒಂದು ಶುಕ್ರವಾರ ಅಪ್ಪನ ಕಚೇರಿಯವರೊಬ್ಬರ ಹೆಂಡತಿ ಅರಿಶಿನ ಕುಂಕುಮಕ್ಕೆ ಬಂದಿದ್ದಳು. "ಇಕಿ ಯಾರ್ರೀ?" ಎಂದು ಕೇಳಿದಳು. "ಬಾಜೂಕ ಎಮ್ಮಿ ಮಲ್ಲಮ್ಮ ಅದಾಳಲ್ರೀ, ಅಕಿ ಮಗಳು" ಎಂದಳು ಅವ್ವ. ಆ ಹೆಂಗಸು ತಾನು ಚಹಾ ಕುಡಿದ ಲೋಟ ತೊಳೆಯಲು ನನ್ನ ಕೈಗೆ ಕೊಟ್ಟಳು. ಅವ್ವ ನೋಡಿದಳು. ನಾನು ತೊಳೆದು ತಂದೆ.

ಸಂಜೆ ಅಪ್ಪ ಕಟ್ಟೆಯ ಮೇಲೆ ತಮ್ಮನಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ. ನಾನು ಬದಿಯಲ್ಲಿ ಕೂತು ಅಕ್ಕಿಯಲ್ಲಿನ ಹರಳು ಆರಿಸುತ್ತಿದ್ದೆ. ಒತ್ತೆ ಇಟ್ಟ ಬಂಗಾರ ಬಿಡಿಸಿದರೆ ರಿಡೀಮ್. ಜ್ವರದಿಂದ ಎದ್ದರೆ ರಿಕವರ್. ಬಾವಿಗೆ ಬಿದ್ದವನನ್ನು ಎತ್ತಿದರೆ ರೆಸ್ಕ್ಯೂ. ಕಳ್ಳರು ಹೊತ್ತೊಯ್ದವನಿಗಾಗಿ ಕೊಡುವುದು ರ‍್ಯಾನ್ಸಮ್. ತಮ್ಮ, ಬಾವಿಗೆ ಬಿದ್ದವನಿಗೂ ರ‍್ಯಾನ್ಸಮ್ ಕೊಟ್ಟು ಏಟು ತಿಂದ. ನಾನು ಕೇಳಿದೆ, "ಅಪ್ಪಾ, ಮಲ್ಲಮ್ಮನ ಕಡಿಂದ ನನ್ನ ತರೂದಕ್ಕ ಇದರಾಗ ಯಾವ್ದು?"

ಅಪ್ಪ ಚಷ್ಮಾ ತೆಗೆದು ಧೋತರದಿಂದ ಒರೆಸಿದ. "ರಿಡೀಮ್" ಎಂದ. ಆಮೇಲೆ ಒಳಗಿನವರಿಗೂ ಕೇಳಲಿ ಎಂದು ದನಿ ಎತ್ತಿ, "ಈ ದಸರಿಗಿ ಮಾಡೇ ಬಿಡೂಣು" ಎಂದ.

"ಸುಮ್ಮ ಕೂಡ್ರಿ" ಎಂದಳು ಅವ್ವ ಒಲೆಯ ಮುಂದಿನಿಂದ. "ಕೇಳಾಕತ್ತಿರ್ತದ ಅದು."

ಅದು ಅಂದರೆ ಯಾವುದು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ದಸರೆಗೆ ಮಲ್ಲಮ್ಮನಿಗೆಂದು ಹಸಿರು ಇಳಕಲ್ ಸೀರೆಯೇನೋ ಬಂತು. ಓಣಿಯಲ್ಲಿ ಒಂದು ಕೂಸಿಗೆ ಮೈಲಿಬೇನೆ ಎದ್ದಿತ್ತು. ಈ ವರ್ಷ ಬೇಡ ಎಂದಳು ಅವ್ವ. ಮುಂದಿನ ವರ್ಷ ತಮ್ಮನಿಗೆ ಕೆಮ್ಮು. ಅದರ ಮುಂದಿನ ವರ್ಷ ಮನೆಯ ಮೇಲೆ ಗೂಗೆ ಕೂತಿತು. ನಾನು ಸೀರೆ ಉಡುವ ವಯಸ್ಸಿಗೆ ಬಂದೆ, ಅವ್ವ ಇನ್ನೂ ಒಳ್ಳೆಯ ದಿನ ನೋಡುತ್ತಲೇ ಇದ್ದಳು. ಸಾವು ನನ್ನ ಕಡೆ ನೋಡೀತು ಎಂದು ಅಂಜಿ ಅವಳು ಅಷ್ಟು ವರ್ಷ ಕಾದಳು. ಅದು ಗೋಡೆಯ ಆ ಕಡೆ ನೋಡಿತು. ಶ್ರಾವಣದಲ್ಲಿ ಜ್ವರ ಬಂದು, ಹಾಸಿಗೆ ಹಿಡಿದ ವಾರದಲ್ಲೇ ಮಲ್ಲಮ್ಮ ಒಂದು ಮಧ್ಯಾಹ್ನ ತೀರಿಕೊಂಡಳು.

ಅವಳ ಕುಲದವರು ಬಂದು ನೆರೆದರು. ಹೆಣದ ಬಾಯಿಗೆ ಮಕ್ಕಳು ನೀರು ಬಿಡಬೇಕಾಗಿತ್ತು. ಒಬ್ಬ ಮುದುಕ ಸುತ್ತ ನೋಡಿ, "ಪಿಲ್ಲಲು ಲೇರಾ? ಈಕಿಗಿ ಮಕ್ಕಳ ಯಾರೂ ಇಲ್ಲೇನು?" ಎಂದು ಕೇಳಿದ. ಅವ್ವ ನನ್ನ ರಟ್ಟೆ ಹಿಡಿದುಕೊಂಡು ಗೋಡೆಯ ಬದಿಯಲ್ಲಿ ನಿಂತಿದ್ದಳು. ಅಪ್ಪ ಹಿಂದಿನಿಂದ ಮೆಲ್ಲಗೆ, "ಈಗರ ಅನ್ನು, ನಮ್ಮಾಕಿ ಅಂತ. ಇನ್ನ ಯಾರಿಗಿ ಅಂಜ್ತಿ?" ಎಂದ. ಅವ್ವನ ಹಿಡಿತ ಬಿಗಿಯಾಯಿತು, ನನ್ನ ಕೈಯ ಬಳೆ ಒಡೆಯಿತು. ಈಗ ಅನ್ನುತ್ತಾಳೆ ಎಂದುಕೊಂಡೆ. ಅವ್ವ ನನ್ನನ್ನು ಮುಂದಕ್ಕೆ ನೂಕಿದಳು.

"ಅದಾಳಲ್ಲ" ಎಂದಳು. "ಇಕಿ."

ಹೋಗಿ ನೀರು ಬಿಟ್ಟೆ. ಅರ್ಧ ಒಳಗೆ ಹೋಯಿತು, ಅರ್ಧ ಗದ್ದದ ಮೇಲೆ ಹರಿಯಿತು. ಸೆರಗಿನಿಂದ ಒರೆಸಿದೆ.

ಇದನ್ನು ಕೇಳುವವರಲ್ಲಿ ಹೆತ್ತವರನ್ನು ಕಳೆದುಕೊಂಡವರೂ ಇದ್ದೀರಿ. ಅವರ ಅಂಜಿಕೆಯನ್ನೇ ಪ್ರೀತಿ ಎಂದು ಓದಿಕೊಳ್ಳಬೇಕು ಎನ್ನುತ್ತೀರಿ. ಇರಬಹುದು. ಅವ್ವನ ಲೆಕ್ಕ ತಪ್ಪಾಗಲಿಲ್ಲ. ಅವಳೂ ಹೋದಳು, ಅಪ್ಪ, ತಮ್ಮ ಎಲ್ಲರೂ ಹೋದರು, ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ನಮ್ಮ ಮನೆ, ಆ ಗೋಡೆ, ಕೊಟ್ಟಿಗೆ ಇದ್ದಲ್ಲಿ ಈಗ ಯಾವುದೋ ಕಚೇರಿಯವರು ಕಾರು ನಿಲ್ಲಿಸುತ್ತಾರೆ. ಆದರೆ ಸಾಯುವ ತನಕ ಅವಳು ನನ್ನನ್ನು ಮಗಳೆಂದು ಯಾರ ಮುಂದೆಯೂ ಅನ್ನಲಿಲ್ಲ. ನನ್ನ ಮದುವೆಯಲ್ಲಿ ಕೇಳಿದವರಿಗೆ "ಅದೆಲ್ಲ ಮುಗಿಸೀವಿ" ಎಂದಳು. ಮುಗಿಸಿರಲಿಲ್ಲ. ಕೊಡುವವಳೇ ಹೋದ ಮೇಲೆ ಯಾರಿಂದ ಕೊಳ್ಳುತ್ತಾಳೆ? ಅದಕ್ಕೆ ಅಪ್ಪನ ಹತ್ತಿರವೂ ಶಬ್ದವಿರಲಿಲ್ಲ. ಮಲ್ಲಮ್ಮ ಹೋದ ದಿನದಿಂದ ಅವನು ಕಟ್ಟೆಯ ಮೇಲೆ ಪಾಠ ಹೇಳುವುದನ್ನು ಬಿಟ್ಟ.

ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಎಮ್ಮೆಗಳು ಕೆಚ್ಚಲು ಬಿಗಿದು ಒದರಹತ್ತಿದವು. ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ಗೋಡೆ ಹತ್ತಿ ಇಳಿದೆ, ಹಿಂಡಿದೆ, ಕೊಡ ಹೊತ್ತು ಓಣಿಯಲ್ಲಿ ದಿನವೂ ಕೊಳ್ಳುವ ವರ್ತನೆಯ ಮನೆಗಳಿಗೆ ಹಾಲು ಹಾಕುತ್ತ ಬಂದೆ. ನಮ್ಮ ಬಾಗಿಲಲ್ಲೂ ನಿಂತು "ಹಾಲೂ" ಎಂದೆ. ಅವ್ವ ಪಾತೇಲಿ ಹಿಡಿದು ಬಂದಳು, ಕಣ್ಣು ಬಾತಿದ್ದವು. ಅಳೆದು ಹಾಕಿದೆ. ಅಳತೆ ಮುಗಿದರೂ ಪಾತೇಲಿ ಹಿಂದಕ್ಕೆ ತೆಗೆದುಕೊಳ್ಳದೆ ಹಾಗೇ ನಿಂತಳು. ನನ್ನ ಮುಖ ನೋಡದೆ, "ಒಂಚೂರು ಕೊಸರು ಹಾಕ" ಎಂದಳು.

ಹಾಕಲಿಲ್ಲ. ಕೊಡ ಎತ್ತಿಕೊಂಡು ಮುಂದಿನ ಬಾಗಿಲಿಗೆ ಹೋದೆ.