‘ಬಿಡಿ’ ಅಂದ ಮೇಲಿನ ಫೋಟೋ

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಉಸಿರಣ್ಣ ಎಂದೇ. ಎಕ್ಸ್‌ರೇ ಕೋಣೆಯಲ್ಲಿ ನಿಂತು, "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಹಾಂ, ಬಿಡಿ" ಎನ್ನುತ್ತಲೇ ಅವನ ತಲೆ ನರೆತಿತ್ತು. ಊರಿನ ಅರ್ಧ ಜನರ ಪಕ್ಕೆಲುಬು ಅವನಿಗೆ ಗೊತ್ತು. ದಾರಿಯಲ್ಲಿ ಎದುರಾದರೆ ಮಾತ್ರ ಮುಖದ ಗುರುತು ಹತ್ತುವುದಿಲ್ಲ.

ಈ ವಯಸ್ಸಿನಲ್ಲಿ ಅವನಿಗೆ ಕ್ಯಾಮೆರಾ ಹುಚ್ಚು ಹಿಡಿಯಿತು. ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು ತಂದು, ರಜೆ ಬಂತೆಂದರೆ ಮನೆಮಂದಿಯನ್ನೆಲ್ಲ ಗೋಡೆಗೆ ನಿಲ್ಲಿಸತೊಡಗಿದ. ಗದ್ದ ಮೇಲೆ, ಭುಜ ಮುಂದೆ, ಮನುಷ್ಯ ಚೌಕಟ್ಟಿನ ನಟ್ಟನಡುವೆ, ಹಿಂದೆ ಬೋಳು ಗೋಡೆ. ಓಲೆ, ಸರ, ಕನ್ನಡಕ ಎಲ್ಲ ಕಳಚಿಸುತ್ತಿದ್ದ. ಆಮೇಲೆ ಉಸಿರು ಹಿಡಿಸಿ ಕ್ಲಿಕ್ ಮಾಡುತ್ತಿದ್ದ. ಫೋಟೋದಲ್ಲಿ ಎಲ್ಲರೂ ಕೆನ್ನೆ ಉಬ್ಬಿಸಿಕೊಂಡು, ಬೈಗುಳ ನುಂಗಿಕೊಂಡವರಂತೆ ಕಾಣುತ್ತಿದ್ದರು.

"ರೀ, ಇದರಲ್ಲಿ ನನಗೆ ನ್ಯುಮೋನಿಯಾ ಇದ್ಯಾ ನೋಡಿ," ಎಂದು ಹೆಂಡತಿ ತನ್ನ ಫೋಟೋ ಹಿಡಿದು ಕೇಳಿದ್ದಳು.

ಇಂಥ ನಗೆಗೆಲ್ಲ ಅವನು ಜಗ್ಗಿದವನಲ್ಲ. ಜಗ್ಗಿದ್ದು ಅಮ್ಮನ ಮಾತಿಗೆ. ಎಂಬತ್ತು ದಾಟಿದ ಅಮ್ಮ ನಡುಮನೆಯ ಗೋಡೆಗೆ ತನ್ನದೊಂದು ಫೋಟೋ ಬೇಕೆಂದಿದ್ದಳು. ಅವನು ತೆಗೆದುಕೊಟ್ಟದ್ದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಯಾರೋ ಈ ಮುದುಕಿ?" ಎಂದಳು.

"ನೀನೇ ಅಮ್ಮ."

"ಕನ್ನಡಕ ಕಿತ್ಕೊಂಡು ಗೋಡೆಗೆ ನಿಲ್ಲಿಸಿದ್ರೆ ಅದು ನಾನು ಹೇಗೋ ಆಗ್ತೀನಿ? ನಾನು ಹೋದ್ಮೇಲೂ ಆ ಗೋಡೆ ಮೇಲೆ ಇರಬೇಕು. ಈ ಮುಖ ಇಟ್ಕೊಂಡು ಇರಕ್ಕಾಗಲ್ಲಪ್ಪ."

ಅವನ ತಮ್ಮನಿಗೆ ಅಷ್ಟು ಸಾಕಾಯಿತು. "ಅಣ್ಣ, ಬೇಜಾರು ಮಾಡ್ಕೋಬೇಡ. ಸೋಮವಾರ ಸ್ಟುಡಿಯೋದವರಿಗೆ ಬರಕ್ಕೆ ಹೇಳಿದೀನಿ. ನೀನು ಮೂಳೆ ನೋಡ್ಕೋ," ಎಂದುಬಿಟ್ಟ.

ಉಸಿರಣ್ಣನಿಗೆ ಊಟ ಸೇರಲಿಲ್ಲ. ತನ್ನ ಅಮ್ಮನ ಮುಖವನ್ನು ಹೊರಗಿನವರು ಬಂದು ಹಿಡಿದುಕೊಡಬೇಕೆ? ಉಳಿದಿದ್ದದ್ದು ಒಂದು ಭಾನುವಾರ.

ಆ ಬೆಳಿಗ್ಗೆ ಅವನು ಅಮ್ಮನನ್ನು ಕರೆಯಲಿಲ್ಲ, ಅವಳಿದ್ದಲ್ಲಿಗೆ ತಾನೇ ಹೋದ. ಅಡುಗೆಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಬಟ್ಟಲಿಟ್ಟು ಅವಳು ಹಸಿ ಬಟಾಣಿ ಬಿಡಿಸುತ್ತಿದ್ದಳು. ಬಾಯಲ್ಲೂ ಒಂದೆರಡು ಕಾಳು. ಅವನು ಬಾಗಿಲಲ್ಲೇ ನಿಂತು ಒಂದು ತೆಗೆದ. ಹೆಂಡತಿ ಅವನ ಹೆಗಲ ಮೇಲಿಂದ ಇಣುಕಿದಳು.

"ಫೋಟೋ ಯಾರದು? ಅತ್ತೆದೋ, ಬಕೆಟ್ಟಿಂದೋ?"

ನೋಡಿದರೆ ಹೌದು. ನೀಲಿ ಬಕೆಟ್ಟು, ಗ್ಯಾಸ್ ಸಿಲಿಂಡರು, ಮೊಳೆಗೆ ನೇತುಬಿದ್ದ ಚೀಲ. ಇವುಗಳ ಮಧ್ಯೆ ಅಮ್ಮನೂ ಒಂದು ಸಾಮಾನಿನ ಹಾಗೆ ಕೂತಿದ್ದಳು. ಎಕ್ಸ್‌ರೇ ಕೋಣೆಯಲ್ಲಾದರೆ ಜನರನ್ನೇ ಸರಿಸಬಹುದು. ಇಲ್ಲಿ ಅಲುಗಿಸಿದರೆ ಅಮ್ಮ ಮತ್ತೆ ಆ ಮುದುಕಿಯಾಗುತ್ತಾಳೆ. ಹಾಗಾಗಿ ತಾನೇ ಸರಿದ. ಎಡಕ್ಕೆ ಹೋದ, ಬಕೆಟ್ಟು ತಪ್ಪಿತು. ಹತ್ತಿರ ಹೋದ, ಸಿಲಿಂಡರು ಹೊರಗಾಯಿತು. ಮಂಡಿ ಕಟಕ್ಕೆಂದರೂ ನೆಲಕ್ಕೆ ಕೂತ. ಈಗ ಚೌಕಟ್ಟಿನ ಒಂದು ಪಕ್ಕಕ್ಕೆ ಅಮ್ಮ, ಇನ್ನೊಂದು ಪಕ್ಕಕ್ಕೆ ಕಿಟಕಿ. ಅಲ್ಲಿಂದ ಬಂದ ಬೆಳಕು ಅವಳ ಕನ್ನಡಕವನ್ನು ಸವರಿ ಬೆರಳುಗಳ ಮೇಲೆ ಬಿದ್ದಿತ್ತು. ನಡುವೆ ಏನೂ ಇರಲಿಲ್ಲ. ಆ ಖಾಲಿ ಜಾಗ ಅವಳಿಗೆ ಕಣ್ಣು ಹಾಯಿಸಲು ಬೇಕು ಎಂದು ಅವನಿಗೆ ಹೊಳೆಯಿತು.

ಬೆರಳು ಗುಂಡಿಯ ಮೇಲೆ ಬಂತು. ಬಾಯಿ ಮಾತ್ರ ಹಳೇ ಚಾಳಿ ಬಿಡಲಿಲ್ಲ. "ಉಸಿರು ಹಿಡ್ಕೋ ಅಮ್ಮ."

ಅಮ್ಮ ತಟ್ಟನೆ ಬಿಗಿಯಾದಳು. ಕೆನ್ನೆ ಉಬ್ಬಿತು, ಗದ್ದ ಮೇಲೆ ಹೋಯಿತು. ಅದೇ ಮುದುಕಿ. ಕ್ಯಾಮೆರಾ ಇಳಿಸದೆಯೇ, "ಬಿಡು, ಬಿಡು" ಎಂದ.

ಅಮ್ಮ ಉಸಿರು ಬಿಟ್ಟಳು. ಭುಜ ಇಳಿಯಿತು. ಬಾಯಲ್ಲಿದ್ದ ಕಾಳು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಯಿತು. ಇವನದೆಂಥ ಹುಚ್ಚಾಟ ಎನ್ನುವಂಥ ನಗೆಯೊಂದು ಕಣ್ಣಿನ ಮೂಲೆಗೆ ಬಂತು. ಅವಳು ಕಿಟಕಿಯ ಕಡೆ ತಿರುಗಿದಳು. ಇಷ್ಟು ವರ್ಷ ಉಸಿರಣ್ಣ ಸರಿಯಾಗಿ ಈ ಹೊತ್ತಿಗೆ ಬೆನ್ನು ತಿರುಗಿಸಿ ಮುಂದಿನವರನ್ನು ಕರೆಯುತ್ತಿದ್ದ. ಈ ಸಲ ಗುಂಡಿ ಒತ್ತಿದ.

"ಮುಗೀತಾ? ಎಲುಬೆಲ್ಲ ನೆಟ್ಟಗಿದ್ಯಾ?" ಅಮ್ಮ ಕೇಳಿದಳು.

ಅವನು ಕ್ಯಾಮೆರಾ ಅವಳ ಕೈಗೆ ಕೊಟ್ಟ. ಅಮ್ಮ ದೂರ ಹಿಡಿದಳು, ಹತ್ತಿರ ಹಿಡಿದಳು.

"ಬಟ್ಟಲು ಅರ್ಧ ಕಟ್ಟಾಗಿದ್ಯಲ್ಲೋ."

"ಬೇಕಂತಲೇ ಬಿಟ್ಟೆ."

"ನನ್ನ ಬಿಟ್ಟಿಲ್ವಲ್ಲ, ಸಾಕು." ಇನ್ನಷ್ಟು ಹೊತ್ತು ನೋಡಿ ಅವಳು ಸೊಸೆಯ ಕಡೆ ತಿರುಗಿದಳು. "ಚಿಕ್ಕೋನಿಗೆ ಫೋನ್ ಮಾಡಮ್ಮ. ನಾಳೆ ಯಾರೂ ಬರೋದು ಬೇಡ ಅನ್ನು. ನಾನು ಸಿಕ್ಕಿದೀನಿ ಅನ್ನು."

ಉಸಿರಣ್ಣ ಏಳಲು ನೋಡಿದ. ಮಂಡಿ ಒಪ್ಪಲಿಲ್ಲ. ಅಮ್ಮ ಬಟ್ಟಲನ್ನು ಅವನ ಮುಂದಿಟ್ಟಳು.

"ಹೇಗೂ ಕೂತಿದೀಯಲ್ಲ. ಮಿಕ್ಕಿದ್ದು ನೀನೇ ಬಿಡಿಸು."