ಹದಿನಾರು ವಚನಗಳಾಚೆಯ ಅಂಜೂರ

ಉಪದೇಶಿಗಳ ಬಲಗೈ ತೋರುಬೆರಳು ಮೊದಲ ಗೆಣ್ಣಿನಿಂದಾಚೆ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಮುರಿದದ್ದಂತೆ. ಪುಸ್ತಕದ ಸಾಲಿನ ಮೇಲಿಟ್ಟರೆ ಅದು ಪಕ್ಕದ ಸಾಲನ್ನು ತೋರಿಸುತ್ತಿತ್ತು. ಅದಕ್ಕೇ ಅವರು ಓದುವಾಗ ಒಂದು ಕಾಫಿ ಗಿಡದ ಕಡ್ಡಿ ಹಿಡಿಯುತ್ತಿದ್ದರು. ಗೇಣುದ್ದದ್ದು, ಸಿಪ್ಪೆ ಹೆರೆದು ನಯ ಮಾಡಿದ್ದು, ವರ್ಷಗಟ್ಟಲೆ ಕೈಯ ಜಿಡ್ಡು ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು.

ಅಮ್ಮತ್ತಿಯಿಂದ ಸ್ವಲ್ಪ ದೂರ, ಎರಡು ಎಸ್ಟೇಟುಗಳ ನಡುವೆ ನಮ್ಮ ಚರ್ಚು. ಪಾದ್ರಿಗಳು ತಿಂಗಳಿಗೆ ಎರಡು ಭಾನುವಾರ ಮಾತ್ರ ಬರುತ್ತಿದ್ದರು. ಉಳಿದ ಭಾನುವಾರಗಳ ಆರಾಧನೆ, ಮನೆಮನೆ ಭೇಟಿ, ಕಾಯಿಲೆಯವರ ಪಕ್ಕ ಕೂತು ಪ್ರಾರ್ಥನೆ, ಎಲ್ಲ ಉಪದೇಶಿಗಳದ್ದೇ. ಹೆಂಡತಿ ಬೇಗ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಚರ್ಚಿನ ಹಿಂದಿನ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು.

ಸತ್ಯವೇದ ಓದುವಾಗ ಅವರಿಗೊಂದು ಅಭ್ಯಾಸವಿತ್ತು. ತಮಗೆ ಅರ್ಥವಾಗದ ಮಾತು ಬಂದರೆ ಓದು ನಿಲ್ಲಿಸಿ, ಕಡ್ಡಿಯಿಂದ ಮೇಜಿಗೆ ಎರಡು ಸಲ ಕುಟ್ಟಿ, ಮುಂದಕ್ಕೆ ಹೋಗುತ್ತಿದ್ದರು. ಟಕ್, ಟಕ್. ವಿವರಣೆ ಇಲ್ಲ. ಸಭೆಯವರಿಗೆಲ್ಲ ಅದು ರೂಢಿಯಾಗಿತ್ತು. ಒಮ್ಮೆ ಪಾದ್ರಿಗಳೇ ಹೇಳಿದ್ದರು, "ಉಪದೇಶಿಗಳೇ, ಹಾಗೆ ಕುಟ್ಟಬೇಡಿ, ಜನ ನಗ್ತಾರೆ."

"ನಗ್ಲಿ ಅಯ್ಯನೋರೇ. ನಿದ್ದೆ ಮಾಡೋದಕ್ಕಿಂತ ಒಳ್ಳೇದಲ್ವಾ?"

ನಾನು ಹನ್ನೆರಡನೆಯ ವಯಸ್ಸಿನಿಂದ ಡೈರಿ ಬರೆಯುತ್ತೇನೆ. ಈಗ ಎಸ್ಟೇಟ್ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆ ಮಳೆ ಅಳೆಯುವ ಡಬ್ಬಿ ನೋಡಿ ಇಂಚು, ಸೆಂಟು ಬರೆದಿಡುವುದೂ ನನ್ನದೇ. ಚಿಕ್ಕವಳಿದ್ದಾಗ ಬರೆದಿಡಲು ಬೇರೇನೂ ಇರಲಿಲ್ಲವಾದ್ದರಿಂದ ಭಾನುವಾರದ ಪುಟದಲ್ಲಿ "ಕುಟ್ಟಿದ್ದು: 3", "ಕುಟ್ಟಿದ್ದು: 0" ಎಂದು ಬರೆಯುತ್ತಿದ್ದೆ. ಹದಿಮೂರನೆಯ ವಯಸ್ಸಿನಲ್ಲಿ ಆ ಪುಟ ಅವರಿಗೆ ತೋರಿಸಿ ಯಾಕೆ ಕುಟ್ಟುತ್ತೀರಿ ಎಂದು ಕೇಳಿದ್ದೆ.

"ನನಗೆ ಗೊತ್ತಾಗ್ಲಿಲ್ಲ ಅಂತ ನಿಮಗೆಲ್ಲ ಗೊತ್ತಿರ್ಲಿ ಅಂತ ಮಗಾ," ಎಂದರು. ಆಮೇಲೆ ಪುಟವನ್ನು ಕಣ್ಣಿನ ಹತ್ತಿರ ಹಿಡಿದು, "ಹೋದ ವಾರ ಮೂರಲ್ಲ, ನಾಲ್ಕು. ಒಂದು ಸಲ ಮೆಲ್ಲಗೆ ಕುಟ್ಟಿದ್ದೆ," ಎಂದು ತಿದ್ದಿದರು.

ಪ್ರತಿ ಡಿಸೆಂಬರಿನಲ್ಲಿ ಅವರು ವಾಗ್ದಾನದ ಚೀಟಿ ಬರೆಯುತ್ತಿದ್ದರು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ನಾಲ್ಕು ಬೆರಳಗಲಕ್ಕೆ ಕತ್ತರಿಸಿ, ಹಿಂಬದಿಯಲ್ಲಿ ಕೆಂಪು ಶಾಯಿಯಿಂದ ಒಂದೊಂದು ವಚನ. ಹೊಸ ವರ್ಷದ ಬೆಳಗಿನ ಆರಾಧನೆಯ ನಂತರ ಒಬ್ಬೊಬ್ಬರೇ ಹೋಗಿ ಬಿದಿರಿನ ಬುಟ್ಟಿಗೆ ಕೈಹಾಕಿ ಒಂದು ಚೀಟಿ ಎತ್ತಬೇಕು. ಬಂದದ್ದು ಆ ವರ್ಷ ದೇವರು ನಿಮಗೆ ಕೊಟ್ಟ ಮಾತು. ಕೆಲವರು ಅದನ್ನು ಪರ್ಸಿನಲ್ಲಿಡುತ್ತಿದ್ದರು. ನನ್ನ ಅಮ್ಮ ಅನ್ನದ ಅಗುಳು ತಿಕ್ಕಿ ಅಡುಗೆಮನೆಯ ಬೀರುವಿಗೆ ಅಂಟಿಸುತ್ತಿದ್ದಳು. ಬೀರುವಿನ ಬಾಗಿಲಿನಲ್ಲಿ ಅಂಥವು ಹದಿನೇಳು ಇದ್ದವು.

ಹದಿನೆಂಟನೆಯದನ್ನು ಅವಳು ಎತ್ತಿದ ವರ್ಷ ಅವಳ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಡಿಸೆಂಬರಿನಲ್ಲೇ ಡಾಕ್ಟರು, ತಡ ಮಾಡದೆ ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಿ ಎಂದಿದ್ದರು. ಅಮ್ಮ ಎಸ್ಟೇಟಿನ ಲೈನ್ ಮನೆಗಳ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುವ ಆಯಾ, ಎಲ್ಲರಿಗೂ ಆಯಮ್ಮ. ಕೂಡಲೇ ಬಿಟ್ಟು ಹೋಗುವಂತಿರಲಿಲ್ಲ. ಹೊಸ ವರ್ಷ ಕಳೆದ ಮೇಲೆ ಮೈಸೂರಿಗೆ ಹೋಗುವುದೆಂದು ಮಾತಾಯಿತು. ಜನವರಿ ಒಂದರಂದು ಅವಳ ಕೈಗೆ ಬಂದ ಚೀಟಿಯಲ್ಲಿ, ನಿನ್ನ ಪ್ರಾರ್ಥನೆ ಕೇಳಿದ್ದೇನೆ, ಕಣ್ಣೀರು ನೋಡಿದ್ದೇನೆ, ನಿನ್ನ ಆಯುಸ್ಸಿಗೆ ವರ್ಷಗಳನ್ನು ಕೂಡಿಸುತ್ತೇನೆ ಎಂಬ ಅರ್ಥದ ಮಾತಿತ್ತು. ಅವಳು ಅಲ್ಲೇ, ಬುಟ್ಟಿಯ ಮುಂದೆಯೇ ಅತ್ತಳು. ಬಹಳ ಜನ ಅತ್ತರು. ಉಪದೇಶಿಗಳೂ ಕನ್ನಡಕ ತೆಗೆದು ಒರೆಸಿಕೊಂಡರು.

ಮೈಸೂರಿನ ಮಾತು ತೆಗೆದಾಗಲೆಲ್ಲ ಅಮ್ಮ ಬೀರುವಿನ ಕಡೆ ಕೈ ತೋರಿಸುತ್ತಿದ್ದಳು. "ಗುಣ ಮಾಡ್ತೇನೆ ಅಂತ ದೇವರೇ ಹೇಳಿದ ಮೇಲೆ ಕತ್ತಿ ಹಾಕಿಸ್ಕೊಂಡ್ರೆ, ನಂಬ್ಲಿಲ್ಲ ಅಂತ ಆಗ್ತದೆ."

ನಾನು ಹೆಚ್ಚು ವಾದಿಸಲಿಲ್ಲ. ನಂಬಬೇಕೆಂದು ನನಗೂ ಆಸೆಯಿತ್ತು. ಜನವರಿ ಒಂದರ ಡೈರಿಯಲ್ಲಿ, ಚೀಟಿಯ ಮೂಲೆಯಲ್ಲಿದ್ದ ಹಾಗೆ, ಅಧ್ಯಾಯ ಮೂವತ್ತೆಂಟು, ವಚನ ಐದು ಎಂದು ಬರೆದುಕೊಂಡೆ. ಸತ್ಯವೇದ ಅದೇ ಮೇಜಿನ ಮೇಲಿತ್ತು. ತೆರೆದು ನೋಡಲಿಲ್ಲ.

ನಾವು ಮೈಸೂರಿಗೆ ಹೋದದ್ದು ಏಪ್ರಿಲ್ ಕೊನೆಯ ವಾರ, ಅಮ್ಮನಿಗೆ ಕೈ ಎತ್ತಲಾಗದೆ ಹೋದ ಮೇಲೆ. ಆಗಸ್ಟಿನಲ್ಲಿ ಅವಳು ತೀರಿಕೊಂಡಳು. ಅಪ್ಪ ನಾನು ಆರು ವರ್ಷದವಳಿದ್ದಾಗಲೇ ಹೋಗಿದ್ದರು. ಮನೆಯಲ್ಲಿ ಆಮೇಲೆ ನಾನೊಬ್ಬಳೇ.

ಒಂಬತ್ತನೆಯ ದಿನ ಮಧ್ಯಾಹ್ನ ಉಪದೇಶಿಗಳು ಬಂದರು. ಕೊಡೆಯನ್ನು ಜಗಲಿಯಲ್ಲಿ ಬಿಚ್ಚಿಟ್ಟು, ನೇರ ಅಡುಗೆಮನೆಗೆ ಬಂದು ಬೀರುವಿನ ಮುಂದೆ ನಿಂತರು. ತಮ್ಮದೇ ಕೆಂಪಕ್ಷರವನ್ನು ತುಂಬ ಹೊತ್ತು ನೋಡಿದರು. ಬ್ಯಾಗಿನಿಂದ ಸತ್ಯವೇದ ತೆಗೆದು ಮೇಜಿನ ಮೇಲೆ ಬಿಡಿಸಿ, ಕಡ್ಡಿಯನ್ನು ಒಂದು ಸಾಲಿನ ಕೆಳಗಿಟ್ಟರು.

"ಓದು."

"ಓದುವುದಿಲ್ಲ."

ಅವರೇ ಓದಿದರು. ಒಬ್ಬ ರಾಜನಿಗೆ ಸಾಯುವಂಥ ಕಾಯಿಲೆ. ಅವನು ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಾನೆ. ಇನ್ನು ಹದಿನೈದು ವರ್ಷ ಬದುಕುತ್ತೀ ಎಂದು ಪ್ರವಾದಿಯ ಬಾಯಲ್ಲಿ ದೇವರು ಹೇಳಿಸುತ್ತಾನೆ. ರಾಜ ಗುಣವಾಗಿ ಒಂದು ಉದ್ದದ ಹಾಡನ್ನೂ ಬರೆಯುತ್ತಾನೆ. ಅದೆಲ್ಲ ಮುಗಿದ ಮೇಲೆ, ಮರೆತುಹೋದದ್ದು ಈಗ ನೆನಪಾದ ಹಾಗೆ, ಅಧ್ಯಾಯದ ತುದಿಯಲ್ಲಿ ಇನ್ನೊಂದು ಮಾತಿದೆ. ಅಂಜೂರದ ಹಣ್ಣನ್ನು ಮುದ್ದೆ ಮಾಡಿ ಹುಣ್ಣಿಗೆ ಕಟ್ಟಿರಿ, ವಾಸಿಯಾಗುತ್ತದೆ ಎಂದು ಆ ಪ್ರವಾದಿಯೇ ಹೇಳಿದ್ದನಂತೆ.

"ಔಷಧ ಹಾಕಿದ್ದಾರೆ ಮಗಾ," ಎಂದರು ಉಪದೇಶಿಗಳು. "ಮಾತು ಕೊಟ್ಟವನೇ ಔಷಧವನ್ನೂ ಹೇಳಿದ್ದಾನೆ. ನಾನು ಮೇಲಿನದ್ದು ಬರೆದೆ, ಕೆಳಗಿನದ್ದು ಬಿಟ್ಟೆ."

"ಚೀಟಿಯಲ್ಲಿ ಜಾಗ ಇರಲಿಲ್ಲವಾ?" ನಾನು ಅದನ್ನು ಕೆಟ್ಟದಾಗಿಯೇ ಕೇಳಿದೆ.

"ಇತ್ತು. ಸಣ್ಣಕ್ಷರದಲ್ಲಿ ಬರೆದ್ರೆ ಹಿಡೀತಿತ್ತು. ಹುಣ್ಣು, ಪಟ್ಟಿ, ಅದೆಲ್ಲ ಹೊಸ ವರ್ಷದ ದಿನ ಚೆಂದ ಕಾಣೋದಿಲ್ಲ ಅಂತ ಬಿಟ್ಟೆ. ಅದು ಒಬ್ಬ ರಾಜನಿಗೆ ಹೇಳಿದ್ದು ಅಂತಲೂ ಬರೀಲಿಲ್ಲ. ಇಷ್ಟು ವರ್ಷ ಹಾಗೇ ಮಾಡಿದ್ದೇನೆ."

ದಯವಿಟ್ಟು ಹೋಗಿ ಎಂದೆ. ಅವರು ಹೋದರು. ಕೊಡೆ ಜಗಲಿಯಲ್ಲೇ ಉಳಿಯಿತು. ಮಳೆಯಲ್ಲಿ ನೆನೆಯುತ್ತ ಗೇಟು ದಾಟುವುದನ್ನು ನಾನು ಕಿಟಕಿಯಿಂದ ನೋಡಿದೆ, ಕರೆಯಲಿಲ್ಲ. ಆಮೇಲೆ ಮೇಜಿನ ಹತ್ತಿರ ಕೂತು ಎಣಿಸಿದೆ. ವಾಗ್ದಾನ ಐದನೆಯ ವಚನ, ಅಂಜೂರ ಇಪ್ಪತ್ತೊಂದನೆಯದು. ನಡುವೆ ಹದಿನಾರು ವಚನಗಳ ದೂರ. ನಿಧಾನವಾಗಿ ಓದಿದರೂ ಐದು ನಿಮಿಷದ ಕೆಲಸ. ಜನವರಿಯಿಂದ ಏಪ್ರಿಲ್‌ವರೆಗೆ ಆ ಐದು ನಿಮಿಷ ನನಗೂ ಸಿಕ್ಕಿರಲಿಲ್ಲ.

ಚರ್ಚಿಗೆ ಹೋಗುವುದನ್ನು ಬಿಟ್ಟೆ. ಭಾನುವಾರದ ಪುಟಗಳಲ್ಲಿ ಮಳೆ ಎಷ್ಟೆಂಬುದೊಂದೇ ಇರುತ್ತಿತ್ತು. ಅಡುಗೆಗೆ ಒಂದು ಲೋಟ ಅಕ್ಕಿ ಹೆಚ್ಚು ಹಾಕುವ ತಪ್ಪನ್ನು ಮೊದಲ ಎರಡು ತಿಂಗಳಲ್ಲಿ ಹನ್ನೊಂದು ಸಲ ಮಾಡಿದೆ.

ಜನವರಿ ಒಂದರ ಮಧ್ಯಾಹ್ನ ಪಕ್ಕದ ಮನೆಯ ಮಲಯಾಳಿ ಆಂಟಿ ಆರಾಧನೆ ಮುಗಿಸಿ ಬಂದವರೇ ಬೇಲಿಯ ಹತ್ತಿರ ನಿಂತು ಕೂಗಿದರು. "ಮೋಳೇ, ಈ ವರ್ಷ ಎಂತ ಚೀಟಿ ಅದು! ಬಸ್ ಟಿಕೆಟಿನ ಹಾಗೆ ಬರೀ ನಂಬರು!"

ಉಪದೇಶಿಗಳು ಆ ವರ್ಷ ವಚನಗಳನ್ನೇ ಬರೆದಿರಲಿಲ್ಲ. ಪುಸ್ತಕದ ಹೆಸರು, ಅಧ್ಯಾಯದ ಸಂಖ್ಯೆ, ಅಷ್ಟೇ. ಮನೆಗೆ ಹೋಗಿ ಇಡೀ ಅಧ್ಯಾಯ ಓದಬೇಕು. ಸಭೆಯಲ್ಲಿ ಗಲಾಟೆಯಾಯಿತಂತೆ. ಹಿರಿಯರೊಬ್ಬರು ಎದ್ದು, "ಉಪದೇಶಿಗಳೇ, ನೀವು ವಾಗ್ದಾನ ಕೊಡ್ತಿದ್ದೀರಾ, ಹೋಂವರ್ಕ್ ಕೊಡ್ತಿದ್ದೀರಾ?" ಎಂದರಂತೆ.

"ಹೋಂವರ್ಕೇ," ಎಂದರಂತೆ ಇವರು.

"ಇಷ್ಟು ವರ್ಷ ಸರಿ ಇತ್ತಲ್ಲ?"

"ಸರಿ ಇರ್ಲಿಲ್ಲ. ನಾನು ವಚನ ಕತ್ತರಿಸಿದ್ದರಿಂದ ಒಬ್ಬರು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೋಗ್ಲಿಲ್ಲ." ಅಷ್ಟು ಹೇಳಿ ಕೂತರಂತೆ. ಯಾರ ಹೆಸರನ್ನೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಆಂಟಿಯ ಪಾಲಿಗೆ ಬಂದದ್ದು ಬರೀ ವಂಶಾವಳಿಯ ಅಧ್ಯಾಯ. "ಹೆಸರು ಮೋಳೇ, ಬರೀ ಹೆಸರು! ಅವನ ಮಗ ಇವನು, ಇವನ ಮಗ ಅವನು. ನಮ್ಮ ಯಜಮಾನರಿಗೆ ಪೂರ್ತಿ ಓದಿ ಹೇಳಿದೆ. ಪಾಪ, ಊಟ ಬಿಟ್ಟು ಕೇಳಿದ್ರು." ಬೈಯುತ್ತ ಬಂದವರು ನಗುತ್ತ ಹೋದರು. ಅವತ್ತು ನಾನೂ ಸ್ವಲ್ಪ ನಕ್ಕೆ ಎಂದು ಡೈರಿಯಲ್ಲಿದೆ.

ಫೆಬ್ರವರಿಯ ಒಂದು ಶನಿವಾರ ಅವರ ಕೊಡೆ ವಾಪಸು ಕೊಡಲು ಹೋದೆ. ಬಾಗಿಲು ತೆರೆದವರು ಗುರುತು ಹಿಡಿಯಲು ನನ್ನ ಧ್ವನಿಗಾಗಿ ಕಾದರು. ಎರಡೂ ಕಣ್ಣು ಮಂಜಾಗಿದ್ದವು. ಪೊರೆ ತೆಗೆದರೂ ಹೆಚ್ಚೇನೂ ಕಾಣುವುದಿಲ್ಲ, ಒಳಗಿನ ನರವೇ ಹೋಗಿದೆ ಎಂದಿದ್ದರಂತೆ ಡಾಕ್ಟರು. ಭಾನುವಾರದ ಪಾಠವನ್ನು ಅವರು ಬಾಯಿಪಾಠದಿಂದ, ಓದುವವರ ಹಾಗೆ ಕಡ್ಡಿ ಆಡಿಸುತ್ತ ಒಪ್ಪಿಸುತ್ತಿದ್ದರು.

"ಶನಿವಾರ ನಾಲ್ಕು ಗಂಟೆಗೆ ಬಂದು ಓದಿ ಹೇಳ್ತೀಯಾ?" ಎಂದು ಕೇಳಿದರು. "ನಂಬಬೇಕಂತ ಇಲ್ಲ. ಓದಿದ್ರೆ ಸಾಕು."

ಅಂಥ ಶನಿವಾರಗಳು ಐವತ್ತೆಂಟು. ಬೆಲ್ಲದ ಕರಿಕಾಫಿ ಎರಡು ಲೋಟ, ಮಂಕಾದ ಟೇಬಲ್ ಲ್ಯಾಂಪ್, ಅವರ ಕೈಯಲ್ಲಿ ಕಡ್ಡಿ. ನಾನು ಒಂದು ವಚನ ಓದಿ ನಿಲ್ಲಿಸಿದರೆ ಅವರು, "ಅದಕ್ಕೆ ಮೊದಲು ಎಂತ ಇತ್ತು?" ಎನ್ನುತ್ತಿದ್ದರು. ಅದನ್ನು ಓದಿದರೆ, "ಯಾರು ಯಾರಿಗೆ ಹೇಳಿದ್ದು? ಹೇಳುವಾಗ ಪಕ್ಕದಲ್ಲಿ ಯಾರಿದ್ರು?" ನನಗೆ ಬೇಸರವಾಗುತ್ತಿತ್ತು. ಒಂದು ಪುಟಕ್ಕೆ ಒಂದು ಗಂಟೆ. ಒಮ್ಮೆ ಹಾಗೆಂದೆ. ಅವರು ಹೇಳಿದ್ದನ್ನು ಅದೇ ದಿನ ಬರೆದುಕೊಂಡಿದ್ದೇನೆ.

"ಬೇರೆಯವರ ಮನೆಗೆ ಬಂದ ಕಾಗದ ಮಗಾ ಇದು. ಅವರು ಯಾವ ಕಷ್ಟದಲ್ಲಿದ್ದಾಗ ಬಂತು ಅಂತ ಮೊದಲು ಕೇಳ್ಬೇಕು. ಲಕೋಟೆ ಒಡೆದು ನಮ್ಮ ಹೆಸರು ಬರ್ಕೊಂಡು ಬಿಡ್ತೇವೆ ನಾವು."

"ಹಾಗಾದರೆ ಇದರಲ್ಲಿ ನಮಗೆ ಅಂತ ಏನೂ ಇಲ್ಲವಾ?"

"ಉಂಟು. ಅವರ ಸಂಕಟ ಪೂರ್ತಿ ಓದಿದ್ರೆ ಎಲ್ಲೋ ಒಂದು ಕಡೆ ನಮ್ಮದೂ ಕಾಣ್ತದೆ. ಅವಸರ ಮಾಡಿದ್ರೆ ಕಾಣೋದಿಲ್ಲ."

ಆಗ ನಾನು, ತಿಂಗಳುಗಟ್ಟಲೆ ಒಳಗೆ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ. "ಅವತ್ತು ಬುಟ್ಟಿಯ ಮುಂದೆ ಅಮ್ಮ ಅತ್ತಾಗ, ದೇವರು ಅವಳಿಗೆ ಏನೂ ಹೇಳಿರಲಿಲ್ಲವಾ? ಎಲ್ಲ ನಿಮ್ಮ ಕೆಂಪು ಶಾಯಿಯೇನಾ?"

ಅವರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಮಂಜುಗಣ್ಣು ನನ್ನ ಕಡೆಗೇ ಇಟ್ಟು, ಕಡ್ಡಿಯಿಂದ ಮೇಜಿಗೆ ಎರಡು ಸಲ ಕುಟ್ಟಿದರು.

ಅಮ್ಮ ಸತ್ತ ಮೇಲೆ ನನಗೆ ಎಷ್ಟೋ ಜನ ಉತ್ತರ ಹೇಳಿದ್ದರು. ದೇವರ ಚಿತ್ತ ಎಂದವರಿದ್ದರು, ನಂಬಿಕೆ ಸಾಲಲಿಲ್ಲ ಎಂದವರೂ ಇದ್ದರು. ಒಂದೂ ನನ್ನ ಹತ್ತಿರ ಬಂದು ಕೂತಿರಲಿಲ್ಲ. ಈ ಎರಡು ಪೆಟ್ಟು ಬಂದು ಕೂತವು.

ಮರುವರ್ಷ ಜುಲೈ ಮೊದಲ ವಾರ ಅವರು ತೀರಿಕೊಂಡರು. ಹಾಲು ತಂದವನು ಬಾಗಿಲು ಬಡಿದು, ತೆರೆಯದಿದ್ದಾಗ ಪಕ್ಕದವರನ್ನು ಕರೆದ. ಆ ಶನಿವಾರಕ್ಕೆ ಓದಬೇಕಾದ ಪುಟಕ್ಕೆ ಕಡ್ಡಿಯನ್ನೇ ಗುರುತಾಗಿ ಇಟ್ಟಿದ್ದರು. ಸತ್ಯವೇದದ ಮೊದಲ ಹಾಳೆಗೆ ಒಂದು ಚೀಟಿ ಅಂಟಿಸಿತ್ತು. ಸಾಲು ಏರಿಳಿದ, ಕಣ್ಣು ಕಾಣದವರ ಬರಹ: ಪ್ರವಾದಿಯ ಪುಸ್ತಕದ ಹೆಸರು, ಮೂವತ್ತೆಂಟು ಎಂಬ ಸಂಖ್ಯೆ, ಅದರ ಕೆಳಗೆ "ಆಯಮ್ಮನ ಮಗಳು ಓದಲಿ. ಒಪ್ಪಿದರೆ."

ಪಾದ್ರಿಗಳು ಚೀಟಿ ತೋರಿಸಿ, "ಬಲವಂತ ಇಲ್ಲಮ್ಮ," ಎಂದರು.

ಅಮ್ಮನ ಶವಪೆಟ್ಟಿಗೆ ಹೊರಟ ದಿನದ ನಂತರ ನಾನು ಚರ್ಚಿನೊಳಗೆ ಕಾಲಿಟ್ಟದ್ದು ಅವತ್ತೇ. ಅದೇ ಜಾಗದಲ್ಲಿ ಈಗ ಇವರ ಪೆಟ್ಟಿಗೆ. ಓದಲು ನಿಂತೆ, ಕಡ್ಡಿ ಸಾಲಿನ ಕೆಳಗಿಟ್ಟೆ. ಐದನೆಯ ವಚನ ಮುಗಿಸಿ ಓದು ನಿಲ್ಲಿಸಿದೆ. ಕಡ್ಡಿ ಎತ್ತಿ ಮೇಜಿಗೆ ಕುಟ್ಟಿದೆ. ಟಕ್, ಟಕ್. ಮುಂದಿನ ಸಾಲಿನಲ್ಲಿ ಕೂತಿದ್ದ ಆಂಟಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ನಾನು ನಿಲ್ಲದೆ ಹದಿನಾರು ವಚನ ದಾಟಿ ಅಂಜೂರದವರೆಗೆ ಓದಿದೆ, ಅದರ ಮುಂದಿನದನ್ನೂ.

ಈಗಲೂ ಶನಿವಾರ ನಾಲ್ಕಕ್ಕೆ ಅಡುಗೆಮನೆಯ ಮೇಜಿನಲ್ಲಿ ಕೂತು ಜೋರಾಗಿ ಓದುತ್ತೇನೆ. ಅದಕ್ಕೆ ಮೊದಲು ಎಂತ ಇತ್ತು ಎಂದು ಕೇಳುವವರಿಲ್ಲದ್ದರಿಂದ ನಾನೇ ಕೇಳಿಕೊಂಡು ಹಿಂದಿನ ಪುಟಕ್ಕೆ ಹೋಗುತ್ತೇನೆ. ನಾನು ನಂಬಿದವಳೋ ಅಲ್ಲವೋ ನನಗೆ ಸರಿಯಾಗಿ ತಿಳಿಯದು. ಕುಟ್ಟಬೇಕಾದಲ್ಲಿ ಕುಟ್ಟುತ್ತೇನೆ. ಎಷ್ಟೆಂದು ಡೈರಿಯಲ್ಲಿ ಬರೆಯುತ್ತೇನೆ.

ಈ ಡಿಸೆಂಬರಿನಲ್ಲಿ ಚೀಟಿ ಬರೆಯುವವರು ಯಾರೂ ಇಲ್ಲ, ನೀನೇ ಬರೆಯುತ್ತೀಯಾ ಎಂದು ಪಾದ್ರಿಗಳು ಕೇಳಿದರು. ಎಂಬತ್ತನಾಲ್ಕು ಬರೆದೆ, ಎಲ್ಲದರಲ್ಲೂ ಅಧ್ಯಾಯದ ಸಂಖ್ಯೆ ಮಾತ್ರ. ಆ ಮೂವತ್ತೆಂಟನ್ನು ಬಿಟ್ಟುಬಿಡೋಣ ಅನ್ನಿಸಿತು. ಎರಡು ದಿನ ಬಿಟ್ಟಿದ್ದೆ. ಮೂರನೆಯ ದಿನ ಬರೆದು, ಸಂಖ್ಯೆಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ಕೊನೆಯವರೆಗೆ ಓದಿ" ಎಂದು ಸೇರಿಸಿದೆ. ಚೀಟಿಯಲ್ಲಿ ಜಾಗ ಬೇಕಾದಷ್ಟಿತ್ತು.